ನೀರಿಗೂ ಮೊದಲು ಕಾವು

ಪಂತರಪಾಳ್ಯ–ನಾಯಂಡಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಮೊದಲು ಎದುರಾಗುವುದು ಸದ್ದು. ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಜಾಗ ಇದು. ಬಿಡದಿ, ರಾಮನಗರ, ಮಂಡ್ಯದ ಬಸ್ಸುಗಳು, ಸುಮನಹಳ್ಳಿ ಕಡೆಯಿಂದ ಬರುವ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತವೆ. ಮೇಲೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿವರೆಗೆ ಚಾಚಿಕೊಂಡ ನೇರಳೆ ಮಾರ್ಗದ ರೈಲು. ಕೆಳಗೆ ಮೈಸೂರಿನ ಹಳೆಯ ರೈಲು. ಗಾಳಿ ತಿರುಗಿದರೆ ವೃಷಭಾವತಿ ಹೊಳೆಯ ನಾತ. ಸಂದಿಗೆ ಹೊಕ್ಕರೆ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಗುಜರಿ, ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಹೋಗಲೇಬೇಕಾದ ಓಣಿ. ಅಂಥದೊಂದು ಓಣಿಯ ಮನೆಯ ತಾರಸಿಯಲ್ಲಿ ಶೀಟು ಹೊದಿಸಿದ ಕೋಣೆಯಿದೆ. ಅದರ ಬಾಗಿಲು ತೆರೆದರೆ ಬೆಚ್ಚನೆಯ ಗಾಳಿ ಮುಖಕ್ಕೆ ತಾಗುತ್ತದೆ, ಜೊತೆಗೆ ಭತ್ತದ ಹೊಟ್ಟಿನ ವಾಸನೆ. ಮೂಲೆಯಲ್ಲಿ ಹತ್ತು ಬಾತುಮರಿಗಳು.

ಮರಿಗಳು ಬಂದದ್ದು ಹೆಸರಘಟ್ಟದಿಂದ. ಅಲ್ಲಿ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಿದೆ. ದೇಶಕ್ಕೆಂದು ಬಾತುಕೋಳಿ ತಳಿ ಬೆಳೆಸುವ ಕೇಂದ್ರ ಇದ್ದದ್ದೂ ಅದೇ ಊರಲ್ಲಿ. ಖಾಕಿ ಕ್ಯಾಂಪ್‌ಬೆಲ್, ವೈಟ್ ಪೆಕಿನ್ ಎಂಬ ಎರಡು ತಳಿಗಳ ಹೆಸರು ಕರ್ನಾಟಕದ ಸಾಕಣೆದಾರರ ಬಾಯಲ್ಲಿ ಉಳಿದಿದ್ದರೆ ಅದಕ್ಕೆ ಹೆಸರಘಟ್ಟವೇ ಮುಖ್ಯ ಕಾರಣ. ಖಾಕಿ ಮೊಟ್ಟೆಯ ತಳಿ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಯೂಲಿ ಎಂಬ ಹಳ್ಳಿಯಲ್ಲಿ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ಹತ್ತೊಂಬತ್ತನೇ ಶತಮಾನದ ಕೊನೆಗೆ ರೂಪಿಸಿದ್ದು. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಆ ತಳಿಗೆ ಬೆರೆಸಿದ ರಕ್ತದಲ್ಲಿ ‘ಇಂಡಿಯನ್ ರನ್ನರ್’ ಎಂಬ, ನೆಟ್ಟಗೆ ನಿಂತು ಓಡುವ ಬಾತೂ ಇತ್ತು. ಪೆಕಿನ್ ಚೀನಾ ಮೂಲದ್ದು, ಬಿಳಿಯದು, ಮಾಂಸಕ್ಕೆಂದು ಸಾಕುವಂಥದು. ಈ ತಾರಸಿಯಲ್ಲಿರುವುವು ಖಾಕಿಯ ಮರಿಗಳು: ಕಂದು ಮಿಶ್ರಿತ ಮಸುಕು ತುಪ್ಪಳ, ಕಪ್ಪು ಛಾಯೆಯ ಕೊಕ್ಕು, ಅಂಗೈಯಲ್ಲಿ ಹಿಡಿದರೆ ತೂಕವೇ ಗೊತ್ತಾಗದ ಮೈ.

ಮೊಟ್ಟೆಯೊಡೆದು ಹೊರಬರುವ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯ ಬಲದಲ್ಲಿ ಒಂದೆರಡು ದಿನ ಏನೂ ತಿನ್ನದೆ ಇರಬಲ್ಲದು. ಹಾಗಾಗಿಯೇ ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ತುಮಕೂರು ರಸ್ತೆ, ಗೊರಗುಂಟೆಪಾಳ್ಯ, ಸುಮನಹಳ್ಳಿ ದಾಟಿ ನಾಯಂಡಹಳ್ಳಿಗೆ ಬರಲು ಸಾಧ್ಯವಾದದ್ದು. ಪೆಟ್ಟಿಗೆ ತೆರೆದ ಹುಡುಗ, ಈ ಮನೆಯ ಮೊಮ್ಮಗ, ಮೊದಲು ಮಾಡಹೊರಟದ್ದು ಎಲ್ಲ ಹೊಸಬರೂ ಮಾಡುವ ಕೆಲಸವನ್ನೇ. ಬಟ್ಟೆ ನೆನೆಹಾಕುವ ಟಬ್ಬಿಗೆ ನೀರು ತುಂಬಿಸತೊಡಗಿದ.

“ನೀರು ಯಾಕೋ?” ಎಂದರು ಅಜ್ಜಿ.

“ಈಜಲಿ ಅಂತ ಅಜ್ಜಿ. ಬಾತುಕೋಳಿ ಅಲ್ವಾ?”

“ಬಾತುಕೋಳಿ ಆಮೇಲೆ. ಈಗ ಅದು ಮರಿ ಕಣೋ ಮಗಾ. ನೀರ್ಗೆ ಬುಟ್ರೆ ಸೆಡೆತ್ಕೊಂಡು ಸತ್ತೋಯ್ತದೆ.”

ಅಜ್ಜಿ ಮದ್ದೂರಿನ ಕಡೆಯವರು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲು, ಕೊಯ್ಲಾದ ಮೇಲೆ ಕೂಳೆ ಗದ್ದೆಗೆ ಬಾತುಗಳ ದೊಡ್ಡ ಹಿಂಡು ಹೊಡೆದುಕೊಂಡು ಬರುತ್ತಿದ್ದ ಅಲೆಮಾರಿಗಳು, ಅವರು ಬಿದಿರ ಗಳು ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದ ಚಿತ್ರ ಅವರ ಕಣ್ಣಲ್ಲಿದೆ. ಮನೆಯಲ್ಲಿ ಬಾತಿನ ಮೊಟ್ಟೆಯನ್ನು ಕೋಳಿಯ ಕೆಳಗೆ ಇಟ್ಟು ಕಾವಿಗೆ ಕೂರಿಸುತ್ತಿದ್ದರಂತೆ. ಮೊಟ್ಟೆಯ ಹುಚ್ಚು ಹಿಡಿಸಿದ ಸಾಕುತಳಿಗಳಲ್ಲಿ ಕಾವಿಗೆ ಕೂರುವ ಬುದ್ಧಿ ಬಹುಪಾಲು ಕಳೆದುಹೋಗಿದೆ. ಖಾಕಿ ತನ್ನ ಮೊಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕೋಳಿಯ ಮೊಟ್ಟೆಗೆ 21 ದಿನದ ಕಾವು, ಬಾತಿನದಕ್ಕೆ 28. ಆ ಹೆಚ್ಚಿನ ಏಳು ದಿನವನ್ನು ಕೋಳಿ ಲೆಕ್ಕವಿಡದೆ ಕೂತೇ ಇರುತ್ತಿತ್ತು. ಮರಿಗಳು ನಾಲೆಗೆ ಇಳಿದಾಗ ಕೋಳಿ ದಡದ ಮೇಲೆ ಕೊಕ್ಕೊಕ್ ಎನ್ನುತ್ತ ಅತ್ತಿಂದಿತ್ತ ಓಡುತ್ತಿದ್ದುದನ್ನು ಅಜ್ಜಿ ಈಗಲೂ ನಗುತ್ತ ಹೇಳುತ್ತಾರೆ.

“ಹಂಗಾದ್ರೆ ಆ ಮರಿ ಯಾಕೆ ಸಾಯ್ತಿರಲಿಲ್ಲ?” ಹುಡುಗನ ಪ್ರಶ್ನೆ ಸರಿಯಾಗಿಯೇ ಇದೆ.

ಉತ್ತರ ಕೋಳಿಯ ರೆಕ್ಕೆಯಲ್ಲಿದೆ. ನೀರಿನಿಂದ ಎದ್ದು ಬಂದ ಮರಿ ನೇರ ಆ ರೆಕ್ಕೆಯಡಿ ಹೊಕ್ಕು ಕೂರುತ್ತಿತ್ತು. ಮೈ ಆರುತ್ತಿತ್ತು, ಬೆಚ್ಚಗಾಗುತ್ತಿತ್ತು. ಮರಿಯ ತುಪ್ಪಳಕ್ಕೆ ದೊಡ್ಡ ಬಾತಿನ ಗರಿಯ ಕಸುವಿಲ್ಲ. ಬಾಲದ ಬುಡದ ಗ್ರಂಥಿಯಿಂದ ಕೊಕ್ಕಲ್ಲಿ ಎಣ್ಣೆ ತೆಗೆದು ಮೈಗೆ ಬಳಿದುಕೊಳ್ಳುವ ಕೆಲಸವೂ ಇನ್ನೂ ಪಳಗಿಲ್ಲ. ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಬರಲು ವಾರಗಳು ಬೇಕು. ತಾಯಿಯಿಲ್ಲದ ಮರಿ ನೆನೆದರೆ ಅದನ್ನು ಆರಿಸುವವರಿಲ್ಲ. ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡು, ಇರುವುದು ಆ ರೆಕ್ಕೆಯ ಬದಲಿಗೆ. ನೀರಿನ ಹಕ್ಕಿಗೆ ಮೊದಲ ವಾರಗಳಲ್ಲಿ ಬೇಕಾದದ್ದು ಒಣ ನೆಲ ಮತ್ತು ಕಾವು. ನೀರೇನಿದ್ದರೂ ಕುಡಿಯುವಷ್ಟು, ಮೂಗು ತೊಳೆಯುವಷ್ಟು. ಇಷ್ಟು ತಿಳಿದವರಿಗೆ ಮಿಕ್ಕ ವಿದ್ಯೆ ತಾನಾಗಿ ಹತ್ತುತ್ತದೆ.

ಈ ಮನೆಯ ಬ್ರೂಡರ್‌ನಲ್ಲಿ ಕೊಂಡು ತಂದದ್ದು ಕಡಿಮೆ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೊಟ್ಟ ಒಂದೂವರೆ ಅಡಿ ಎತ್ತರದ ತಗಡನ್ನು ದುಂಡಗೆ ಬಾಗಿಸಿ ತುದಿಗೆ ತುದಿ ಕಟ್ಟಿದ್ದಾರೆ. ದುಂಡಗೇ ಯಾಕೆಂದರೆ, ಚೌಕ ಪೆಟ್ಟಿಗೆಯಾದರೆ ಬೆದರಿದ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಅಡಿಯಲ್ಲಿದ್ದುದು ಉಸಿರುಗಟ್ಟುತ್ತದೆ. ಇಲ್ಲಿ ಬೆದರಲು ಕಾರಣಗಳೂ ಬೇಕಾದಷ್ಟಿವೆ: ರೈಲಿನ ಸಿಳ್ಳೆ, ಗ್ರೈಂಡರಿನ ಕಿರುಚಾಟ, ಗಣೇಶನ ಹಬ್ಬದ ತಮಟೆ. ಮರಿಯೊಂದಕ್ಕೆ ಒಂದು ಚದರ ಅಡಿ ಜಾಗವಿದ್ದರೆ ಮೂರು ವಾರದವರೆಗೆ ಸಾಕು. ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು, ಅದರ ಮೇಲೆ ಮೊದಲ ದಿನಗಳಿಗೆ ಗೋಣಿತಾಟು. ಟಿಂಬರ್ ಯಾರ್ಡ್ ಬಡಾವಣೆ ಹತ್ತಿರವೇ ಇರುವುದರಿಂದ ಮರದ ಹೊಟ್ಟು ಧಾರಾಳ ಸಿಗುತ್ತದೆ. ಆದರೆ ಗರಗಸದ ನುಣುಪು ಪುಡಿ ಒಳ್ಳೆಯದಲ್ಲ, ಮರಿ ಅದನ್ನೇ ತಿಂಡಿಯೆಂದು ನುಂಗುತ್ತದೆ. ಮರ ಕೀಸಿದ ಸುರುಳಿ ಸಿಪ್ಪೆ ಆಗಬಹುದು. ಬರೀ ಪೇಪರ್ ಹಾಸುವುದು ಇನ್ನೂ ಕೆಟ್ಟದ್ದು. ಎಳೆಯ ಕಾಲು ಜಾರಿ ಜಾರಿ ಎರಡು ಕಡೆಗೂ ಸೀಳಿಕೊಂಡು ನಿಂತುಬಿಡುತ್ತದೆ.

ಮಧ್ಯದಲ್ಲಿ ತಗಡಿನ ಟೋಪಿಯಡಿ ಎರಡು ಬಲ್ಬು, ಹಳೆಯ ತಂತಿಯ ಬಲ್ಬು, ಒಂದೊಂದು 60 ವಾಟಿನದು. ಇವನ್ನು ಹುಡುಕುವುದೇ ಹುಡುಗನಿಗೆ ದೊಡ್ಡ ಕೆಲಸವಾಯಿತು. ಈಗ ಅಂಗಡಿಯವರು ಕೊಡುವುದು ಎಲ್‌ಇಡಿ, ಅದರಲ್ಲಿ ಬೆಳಕುಂಟು, ಕಾವಿಲ್ಲ. ಕೊನೆಗೆ ಹಳೇ ಎಲೆಕ್ಟ್ರಿಕ್ ಅಂಗಡಿಯೊಂದರ ಅಟ್ಟದಿಂದ ಧೂಳು ಹಿಡಿದ ನಾಲ್ಕು ಬಲ್ಬು ಇಳಿದುಬಂದವು. ನೂರಾರು ಮರಿ ಸಾಕುವವರು 250 ವಾಟಿನ ಇನ್‌ಫ್ರಾರೆಡ್ ದೀಪ ಹಾಕುತ್ತಾರೆ. ಹತ್ತಕ್ಕೆ ಅದು ಬೇಡ. ಒಂದೇ ದೊಡ್ಡ ಬಲ್ಬಿಗಿಂತ ಎರಡು ಸಣ್ಣವು ಮೇಲು, ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ದೀಪವನ್ನು ಬರೀ ವೈರಿನಲ್ಲಿ ತೂಗುಬಿಡದೆ ಸರಪಳಿಯಲ್ಲಿ ಬಿಗಿದಿದ್ದಾರೆ. ಕೆಳಗಿರುವುದು ಒಣ ಹೊಟ್ಟು, ಕಳಚಿ ಬಿದ್ದರೆ ಬೆಂಕಿ. ಸರಪಳಿಯಿಂದ ಇನ್ನೊಂದು ಅನುಕೂಲವೂ ಇದೆ. ದಿನ ಕಳೆದಂತೆ ಕೊಂಡಿ ಕೊಂಡಿಯಾಗಿ ದೀಪವನ್ನು ಮೇಲಕ್ಕೆ ಎತ್ತಬಹುದು.

ಪುಸ್ತಕದ ಲೆಕ್ಕ ಸರಳ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32 ಡಿಗ್ರಿ ಸೆಲ್ಸಿಯಸ್. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿ ಇಳಿಸುತ್ತ ನಾಲ್ಕನೇ ವಾರಕ್ಕೆ 24ರ ಹತ್ತಿರ ತರುವುದು. ಹುಡುಗ ಥರ್ಮಾಮೀಟರ್ ಕಟ್ಟಿದ್ದಾನೆ, ಗಂಟೆಗೊಮ್ಮೆ ನೋಡುತ್ತಾನೆ. ಅಜ್ಜಿ ಅದರ ಕಡೆ ನೋಡುವುದೇ ಇಲ್ಲ. ಬಾಗಿಲಲ್ಲಿ ನಿಂತು ಮರಿಗಳ ಮೇಲೆ ಒಮ್ಮೆ ಕಣ್ಣಾಡಿಸಿ, “ಚಳಿ ಆಯ್ತದೆ, ಒಸಿ ಇಳ್ಸು” ಎನ್ನುತ್ತಾರೆ. ಮರಿಗಳು ದೀಪದ ಕೆಳಗೆ ಗುಡ್ಡೆಯಾಗಿ ಚೀರುತ್ತಿದ್ದರೆ ಕಾವು ಸಾಲದು. ತಗಡಿನ ಅಂಚಿಗೆ ಅಂಟಿ, ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುತ್ತಿದ್ದರೆ ಕಾವು ಅತಿಯಾಯಿತು. ಎಲ್ಲವೂ ಒಂದೇ ಬದಿಗೆ ಸರಿದಿದ್ದರೆ ಎದುರು ಬದಿಯ ಕಿಟಕಿಯಿಂದ ಗಾಳಿ ಹೊಡೆಯುತ್ತಿದೆ ಎಂದೇ ಅರ್ಥ. ದೀಪದ ಸುತ್ತ ಉಂಗುರವಾಗಿ ಹರಡಿ, ಕೆಲವು ತಿನ್ನುತ್ತ, ಕೆಲವು ಕತ್ತು ಚಾಚಿ ಸತ್ತಂತೆ ಮಲಗಿದ್ದರೆ ಎಲ್ಲ ಸರಿಯಿದೆ. ಹಾಗೆ ಮಲಗಿದ್ದನ್ನು ಕಂಡು ಹುಡುಗ ಮೊದಲ ರಾತ್ರಿ ಅಮ್ಮನನ್ನು ಎಬ್ಬಿಸಿದ್ದೂ ಆಯಿತು. ಮುಟ್ಟಿದರೆ ಮರಿ ಎದ್ದು ಅವನ ಬೆರಳನ್ನೇ ಕುಟುಕಿತು.

ಬೆಂಗಳೂರಿನಲ್ಲಿ ಹಗಲು ಬೆಚ್ಚಗಿದ್ದರೂ ಬೆಳಗಿನ ಜಾವ ನಂಬುವಂತಿಲ್ಲ. ಮಾರ್ಗಶಿರದ ಚಳಿಯಲ್ಲಿ ಪಾದರಸ 15ಕ್ಕೆ ಇಳಿಯುತ್ತದೆ, ಶೀಟಿನ ಕೋಣೆ ಇನ್ನಷ್ಟು ತಣ್ಣಗಾಗುತ್ತದೆ. ಸಾಲದ್ದಕ್ಕೆ ಕರೆಂಟು. ಮಳೆ ಗಾಳಿ ಬಂದ ರಾತ್ರಿ ಓಣಿಯಿಡೀ ಕತ್ತಲಾದಾಗ ಅಜ್ಜಿ ಕುದಿನೀರು ತುಂಬಿದ ಬಾಟಲಿಗಳಿಗೆ ಹಳೆಯ ಪಂಚೆ ಸುತ್ತಿ ಮರಿಗಳ ನಡುವೆ ಇಟ್ಟು, ತಗಡಿನ ಮೇಲೆ ಅರ್ಧ ಕಂಬಳಿ ಎಳೆದರು. ರೇಷ್ಮೆ ಹುಳುವಿನ ಚಾಕಿ ಕೋಣೆಗೆ ಕೆಂಡದ ಕುಂಡ ಇಡುತ್ತಿದ್ದ ಕಾಲ ಅವರಿಗೆ ನೆನಪಿದೆ. ಆದರೆ ಇಷ್ಟು ಸಣ್ಣ ಕೋಣೆಯಲ್ಲಿ, ಬಾಗಿಲು ಹಾಕಿ ಇದ್ದಿಲು ಕೆಂಡ ಇಡಕೂಡದು. ಅದರ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮರಿಯನ್ನೂ ಕೊಲ್ಲುತ್ತದೆ, ಕಾಯುತ್ತ ಕೂತವರನ್ನೂ ಕೊಲ್ಲುತ್ತದೆ.

ಕಾವಿನ ಪಾಠ ಮುಗಿಯುವ ಮೊದಲೇ ನೀರಿನ ಪಾಠ ಶುರು. ಬಾತುಮರಿ ತಿನ್ನುವ ರೀತಿಯೇ ಹಾಗೆ: ಒಂದು ತುತ್ತು ತಿಂಡಿ, ಓಡಿಹೋಗಿ ಒಂದು ಗುಟುಕು ನೀರು, ಮತ್ತೆ ತಿಂಡಿ, ಮತ್ತೆ ನೀರು. ದಾರಿಯುದ್ದಕ್ಕೂ ಹನಿ. ನೀರಿಲ್ಲದೆ ತಿಂಡಿ ಮಾತ್ರ ಇಟ್ಟರೆ ಒಣ ಹಿಟ್ಟು ಗಂಟಲಲ್ಲಿ ಕಟ್ಟಿಕೊಳ್ಳುತ್ತದೆ, ಮೂಗಿನ ತೂತಿನಲ್ಲಿ ಗಟ್ಟಿಯಾಗುತ್ತದೆ. ನೀರಿಡಬೇಕು, ಅದರೊಳಗೆ ಇಳಿಯಲು ಬಿಡಬಾರದು. ಎರಡು ಮೂರು ಅಂಗುಲ ಆಳದ ಅಗಲ ಪಾತ್ರೆ, ಮೊದಲ ದಿನಗಳಲ್ಲಿ ಅದರಲ್ಲಿ ತೊಳೆದ ಜಲ್ಲಿಕಲ್ಲು. ಕೊಕ್ಕು ಹೋಗಬೇಕು, ಮೈ ಹೋಗಬಾರದು. ಈ ಮನೆಯಲ್ಲಿ ಹಳೆಯ ತಟ್ಟೆಯೊಂದರ ಬಾಯಿಗೆ ತಂತಿ ಬಲೆ ಬಿಗಿದು, ಬಲೆಯ ಮೇಲೆ ನೀರಿನ ಪಾತ್ರೆ ಇಟ್ಟಿದ್ದಾರೆ. ಚೆಲ್ಲಿದ್ದೆಲ್ಲ ಬಲೆಯ ಕೆಳಗೆ ಸೇರುತ್ತದೆ, ಹೊಟ್ಟು ಒಣಗಿರುತ್ತದೆ. ಇಷ್ಟೆಲ್ಲ ಮಾಡಿದರೂ ದಿನಕ್ಕೊಮ್ಮೆ ಒದ್ದೆ ಹೊಟ್ಟು ತೆಗೆದು ಹೊಸದು ಹರಡಬೇಕು. ಬಿಟ್ಟರೆ ಅಮೋನಿಯಾದ ಘಾಟು ಏಳುತ್ತದೆ, ಮರಿಗಳ ಕಣ್ಣು ಉರಿಯುತ್ತದೆ. ಕೋಳಿಮರಿ ಸಾಕಿದವರಿಗೆ ಬಾತುಮರಿ ಬೇರೆ ಎನಿಸುವುದು ಇಲ್ಲೇ: ತಿನ್ನುವುದೂ ಜಾಸ್ತಿ, ಬೆಳೆಯುವುದೂ ಬೇಗ, ಗಲೀಜೂ ಎರಡು ಪಟ್ಟು.

ತಿಂಡಿಗೆ ಹಿಂಡಿ–ಬೂಸಾ ಅಂಗಡಿಯಿಂದ ಕೋಳಿಮರಿಯ ಸ್ಟಾರ್ಟರ್ ಬಂದಿದೆ. ಮೂರು ವಾರದವರೆಗೆ ನೂರಕ್ಕೆ ಇಪ್ಪತ್ತರಷ್ಟು ಪ್ರೊಟೀನ್ ಇರುವ ಆಹಾರ ಬೇಕು. ಔಷಧ ಬೆರೆಸಿದ ಚೀಲ ಬೇಡ, ಕೋಳಿಗೆ ಹಾಕುವ ಕೆಲವು ಮದ್ದು ಬಾತಿಗೆ ಆಗದು. ಇನ್ನೊಂದು ಕೊರತೆಯನ್ನೂ ತುಂಬಬೇಕು. ಬಾತುಮರಿಗೆ ನಯಾಸಿನ್ ಎಂಬ ಬಿ ಜೀವಸತ್ವ ಕೋಳಿಮರಿಗಿಂತ ಹೆಚ್ಚು ಬೇಕು. ಕಡಿಮೆಯಾದರೆ ಕಾಲು ಬಾಗುತ್ತದೆ, ಮರಿ ಮೊಣಕಾಲೂರಿ ತೆವಳುತ್ತದೆ. ಬೇಕರಿಗೆ ಹಾಕುವುದಲ್ಲದ, ಆಹಾರಕ್ಕೆಂದೇ ಮಾರುವ ಒಣ ಈಸ್ಟಿನ ಪುಡಿಯನ್ನು ಚಿಟಿಕೆ ಬೆರೆಸಿ, ನೀರು ಚಿಮುಕಿಸಿ, ಉದುರುದುರಾಗಿ ಕಲಸಿ ಹುಡುಗ ಹೊತ್ತುಹೊತ್ತಿಗೆ ಇಡುತ್ತಾನೆ. ಉಳಿದದ್ದನ್ನು ಸಂಜೆಗೆ ಎತ್ತಿಬಿಡುವುದು ಅಜ್ಜಿಯ ಕಟ್ಟುನಿಟ್ಟು. ಹಳಸಿದ್ದು, ಬೂಷ್ಟು ಹಿಡಿದದ್ದು ಬಾತಿನ ಬಾಯಿಗೆ ಬೀಳಕೂಡದು.

ಈ ಕಟ್ಟುನಿಟ್ಟಿನ ಹಿಂದೆ ಲೋಕವೇ ಕಲಿತ ಪಾಠವೊಂದಿದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತವು, ಜೊತೆಗೆ ಬಾತುಮರಿಗಳೂ. ರೋಗಾಣು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿ, ಅದರಲ್ಲಿ ಬೆಳೆದ ಬೂಷ್ಟು, ಆ ಬೂಷ್ಟು ಬಿಟ್ಟ ವಿಷ. ಅದೇ ಅಫ್ಲಾಟಾಕ್ಸಿನ್. ಆ ವಿಷಕ್ಕೆ ಬಾತುಮರಿ ಎಷ್ಟು ಬೇಗ ಬಲಿಯಾಗುತ್ತದೆಂದರೆ, ಆಹಾರದಲ್ಲಿ ವಿಷವಿದೆಯೇ ಎಂದು ನೋಡಲು ಪ್ರಯೋಗಾಲಯಗಳು ಒಂದು ದಿನದ ಬಾತುಮರಿಗೇ ಅದನ್ನು ಕೊಟ್ಟು ಪರೀಕ್ಷಿಸುತ್ತಿದ್ದವು. ಹಳ್ಳಿಯಲ್ಲಿ ದನಕ್ಕೆ ಹಾಕಿ ಉಳಿದ ಹಿಂಡಿಯನ್ನು ಕೋಳಿಗೆ ಎಸೆಯುವುದು ವಾಡಿಕೆ. ಬಾತುಮರಿಗೆ ಮಾತ್ರ ಆ ವಾಡಿಕೆ ಆಗದು. ಮಳೆಗಾಲದಲ್ಲಿ ಮುಗ್ಗಿದ ಜೋಳವೂ ಆಗದು.

ಎರಡನೇ ವಾರಕ್ಕೆ ತಗಡಿನ ಸುತ್ತಳತೆ ಹಿಗ್ಗಿತು, ದೀಪ ಎರಡು ಕೊಂಡಿ ಮೇಲೇರಿತು. ಮರಿಗಳ ಕತ್ತು ಉದ್ದವಾಯಿತು. ಸಣ್ಣಗೆ ಕತ್ತರಿಸಿದ ಸೊಪ್ಪು ಎಸೆದರೆ ಹತ್ತೂ ಒಟ್ಟಿಗೆ ಮುಗಿಬೀಳುತ್ತವೆ; ಒಂದರ ಬಾಯಿಯ ಎಲೆಯನ್ನು ಇನ್ನೊಂದು ಕಿತ್ತು ಓಡುತ್ತದೆ, ಮಿಕ್ಕ ಎಂಟು ಅದರ ಹಿಂದೆ. ಹುಡುಗ ಕೋಣೆಯೊಳಗೆ ನಡೆದರೆ ಅವನ ಹವಾಯಿ ಚಪ್ಪಲಿಯ ಹಿಂದೆ ಸಾಲು. ಹುಟ್ಟಿದ ಮೊದಲ ಗಂಟೆಗಳಲ್ಲಿ ಕಂಡ ಚಲಿಸುವ ಮೈಯನ್ನೇ ತಾಯಿಯೆಂದು ನೆಚ್ಚುವ ಈ ಗುಣವನ್ನು ಕಾಡುಬಾತುಗಳಲ್ಲೂ ಹೆಬ್ಬಾತುಗಳಲ್ಲೂ ನೋಡಿ ಬರೆದವರು ಆಸ್ಟ್ರಿಯಾದ ಕೊನ್ರಾಡ್ ಲೊರೆನ್ಜ್. 1973ರ ನೊಬೆಲ್ ಪ್ರಶಸ್ತಿ ಹಂಚಿಕೊಂಡವರಲ್ಲಿ ಅವರೂ ಒಬ್ಬರು. ಹ್ಯಾಚರಿಯಿಂದ ಬಂದ ಮರಿಗಳು ಆ ಗಂಟೆಗಳನ್ನು ಕಳೆದಿರುವುದು ಒಡಹುಟ್ಟುಗಳ ನಡುವೆ. ಅವುಗಳಿಗೆ ಮೊದಲ ನೆಚ್ಚು ಪರಸ್ಪರರೇ, ಚಪ್ಪಲಿ ಆಮೇಲೆ. ಆದುದರಿಂದಲೇ ಒಂಟಿ ಮರಿಯನ್ನು ಯಾರೂ ತರಬಾರದು. ಕಾವು, ತಿಂಡಿ ಎಲ್ಲ ಇದ್ದರೂ ಅದು ದಿನವಿಡೀ ಅರಚುತ್ತದೆ.

ಕಾವಲು ಕಾಯಬೇಕಾದ ಶತ್ರುಗಳೂ ಇಲ್ಲಿ ಉಂಟು. ಮೋರಿಯಿಂದ ಹತ್ತುವ ಹೆಗ್ಗಣ ಒಂದೇ ರಾತ್ರಿಗೆ ಎಲ್ಲವನ್ನೂ ಮುಗಿಸಬಲ್ಲದು. ತಾರಸಿಯಲ್ಲಿ ಬಿಸಿಲಿಗೆ ಬಿಟ್ಟರೆ ಹದ್ದು, ಕಾಗೆ, ಪಕ್ಕದ ಮನೆಯ ಬೆಕ್ಕು. ಕಿಟಕಿಗೂ ಬಾಗಿಲ ಸಂದಿಗೂ ಅರ್ಧ ಅಂಗುಲದ ಬಲೆ ಬಡಿದಿದ್ದಾರೆ. ಕಾಣದ ಶತ್ರುವಿಗೆ ಬಲೆಯಿಲ್ಲ, ಸೋಪು ಮಾತ್ರ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಕೇಂದ್ರದಲ್ಲೇ ಟರ್ಕಿಗಳಿಗೆ ಹಕ್ಕಿಜ್ವರ ತಗುಲಿ ಅಲ್ಲಿನ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಗಿ ಬಂದಿತ್ತು. ಬಾತು ಆ ವೈರಸ್ಸನ್ನು ಹೊತ್ತೂ ಆರೋಗ್ಯವಾಗಿಯೇ ಕಾಣಬಲ್ಲದು. ಕೋಣೆಗೆ ಬೇರೆ ಚಪ್ಪಲಿ, ಮರಿ ಮುಟ್ಟಿದ ಕೈಗೆ ಸೋಪು, ಕೋಳಿಯೊಂದಿಗೆ ಒಂದೇ ಗೂಡಿನಲ್ಲಿ ಹಾಕದಿರುವುದು, ಇವು ಹುಡುಗನ ಅಮ್ಮ ಗೋಡೆಗೆ ಬರೆದು ಅಂಟಿಸಿದ ನಿಯಮಗಳು.

ಮೂರನೇ ವಾರ ಮುಗಿಯುವಾಗ ಭುಜದ ಮೇಲೆ, ಬಾಲದ ತುದಿಯಲ್ಲಿ ಗರಿಯ ಮೊಳಕೆ ಕಾಣಿಸಿತು. ಹಗಲು ದೀಪ ಆರಿಸತೊಡಗಿದರು. ಬಿಸಿಲಿನ ಮಧ್ಯಾಹ್ನ ಹುಡುಗನ ಟಬ್ಬಿಗೆ ಕೊನೆಗೂ ಅಪ್ಪಣೆ ಸಿಕ್ಕಿತು: ಉಗುರುಬೆಚ್ಚಗಿನ ನೀರು, ಒಂದು ಗೇಣು, ಹತ್ತೇ ನಿಮಿಷ, ಹೊರಬರಲು ಇಟ್ಟಿಗೆಯ ಮೆಟ್ಟಿಲು. ಯಾರೂ ಕಲಿಸದೆ ಮರಿಗಳು ಮುಳುಗಿ ಆ ಕಡೆ ಎದ್ದವು, ತಲೆ ಕೊಡವಿದವು, ತಾರಸಿಯನ್ನೆಲ್ಲ ಕೆಸರು ಮಾಡಿದವು. ಬಟ್ಟೆಯಲ್ಲಿ ಒರೆಸಿ ಮತ್ತೆ ದೀಪದಡಿ. ನಾಲ್ಕನೇ ವಾರದ ಕೊನೆಗೆ ರಾತ್ರಿಯ ದೀಪವೂ ಬೇಡವಾಯಿತು. ಮೈತುಂಬ ಗರಿ ಬರಲು ಇನ್ನೂ ಒಂದು ತಿಂಗಳು. ಆ ಹೊತ್ತಿಗೆ ಗಂಡು ಹೆಣ್ಣು ದನಿಯಲ್ಲೇ ಬೇರೆಯಾಗುತ್ತವೆ: ಗಟ್ಟಿಯಾಗಿ ಕ್ವಾಕ್ ಎನ್ನುವುದು ಹೆಣ್ಣು, ಗೊಗ್ಗರು ದನಿಯದು ಗಂಡು.

ಗರಿ ಬಂದ ಮೇಲಿನ ಪ್ರಶ್ನೆ ನಾಯಂಡಹಳ್ಳಿಯದು. ಮರಿಗಳು ಹುಟ್ಟಿದ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರಿಗೆ ಕುಡಿಯುವ ನೀರು ತಂದಿದ್ದರು. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆನ್ನುವ ವೃಷಭಾವತಿ ಈ ಓಣಿಯ ಹತ್ತಿರವೇ ಹರಿದು ಮುಂದೆ ಅದೇ ಅರ್ಕಾವತಿಯನ್ನು ಕೂಡುತ್ತದೆ. ಬೇಸಿಗೆಯಲ್ಲೂ ಬತ್ತದ ಹೊಳೆ. ಬತ್ತದಿರಲು ಕಾರಣ ನಗರದ ಕೊಳಚೆ. ಬಾತು ಇಳಿಯುವ ನೀರು ಅದಲ್ಲ. ಕೆರೆಗೆ ಬಿಟ್ಟುಬರೋಣ ಎನ್ನುವವರಿದ್ದಾರೆ. ಸಾಕುಬಾತಿಗೆ ಹಾರಿ ತಪ್ಪಿಸಿಕೊಳ್ಳುವ ಕಸುವಿಲ್ಲ, ಹುಡುಕಿ ತಿನ್ನುವ ರೂಢಿಯಿಲ್ಲ. ದಡದ ನಾಯಿಗಳಿಗೆ ಅದು ಸುಲಭದ ತುತ್ತು. ನಿಜ ಹೇಳಬೇಕೆಂದರೆ ಸಾಕುಬಾತಿಗೆ ಕೆರೆ ಬೇಕೇಬೇಕೆಂದಿಲ್ಲ. ತಲೆ ಪೂರ್ತಿ ಅದ್ದಿ ಕಣ್ಣು ಮೂಗು ತೊಳೆದುಕೊಳ್ಳುವಷ್ಟು ಆಳದ ಪಾತ್ರೆ ದಿನವೂ ಹೊಸ ನೀರಿನೊಂದಿಗೆ ಸಿಕ್ಕರೆ ಮೊಟ್ಟೆಗೂ ಆರೋಗ್ಯಕ್ಕೂ ಕೊರತೆಯಿಲ್ಲ. ಆದರೆ ಜಾಗ ಬೇಕು, ನೆರಳು ಬೇಕು, ಕೊಳೆ ನೀರು ಇಂಗಲು ಮಣ್ಣು ಬೇಕು. ಈ ತಾರಸಿಯಲ್ಲಿ ಹತ್ತಕ್ಕೆ ಅದಿಲ್ಲ. ಮೂರು ಹೆಣ್ಣು ಇಲ್ಲಿ ಉಳಿದವು, ಟಬ್ಬಿನ ನೀರು ಕುಂಡದ ಕರಿಬೇವಿಗೆ ಹೋಗುತ್ತದೆ. ಏಳನ್ನು ಬಿದಿರ ಮಂಕರಿಯಲ್ಲಿ ಮದ್ದೂರಿನ ಗದ್ದೆ ಮನೆಗೆ ಕಳಿಸಿದರು. ಇದನ್ನು ಅಜ್ಜಿ ಮರಿ ತರುವ ಮೊದಲೇ ಊರಿಗೆ ಫೋನು ಮಾಡಿ ಗೊತ್ತು ಮಾಡಿದ್ದರು.

ಮೊಟ್ಟೆಗೆ ಇನ್ನೂ ಕಾಯಬೇಕು. ಖಾಕಿ ನಾಲ್ಕೂವರೆ ತಿಂಗಳ ಆಸುಪಾಸಿನಲ್ಲಿ ಶುರುಮಾಡುತ್ತದೆ, ಇಡುವುದು ಬಹುಪಾಲು ಬೆಳಗಿನ ಒಂಬತ್ತರೊಳಗೆ. ಅಷ್ಟರಲ್ಲಿ ಎದುರು ಮನೆಯವರು ತಾರಸಿಗೆ ಬಂದು ನೋಡಿ, ತಮ್ಮ ಮಗುವಿನ ಹುಟ್ಟುಹಬ್ಬಕ್ಕೆ ಇಂಥವೇ ಮರಿ ತರಿಸಿಕೊಡಬೇಕೆಂದು ಕೇಳಿದರು. ಬಲ್ಬು ಎಷ್ಟು ವಾಟಿನದು, ತಿಂಡಿ ಯಾವ ಅಂಗಡಿಯದು ಎಂದು ಮೊಬೈಲಿನಲ್ಲಿ ಬರೆದುಕೊಳ್ಳತೊಡಗಿದರು.

“ಅದೆಲ್ಲ ಆಮೇಲೆ ಹೇಳ್ತೀನಿ ಕಣವ್ವ” ಎಂದರು ಅಜ್ಜಿ. “ಎರಡು ತಿಂಗ್ಳು ಆದ್ಮೇಲೆ ಎಲ್ಲಿ ಬುಡ್ತೀಯ, ಅದನ್ನ ಮೊದ್ಲು ಹೇಳು.”